ಹದಿನೈದರ ಹುಡುಗಿಯಾದ ಹುಷಾರಪ್ಪ

ಬೆಳಗ್ಗೆ ಒಂಬತ್ತೂಕಾಲಿಗೆ ನಟಿಯೊಬ್ಬಳ ಗಂಟಲು ಕಟ್ಟಿದೆ ಎಂಬ ಸುದ್ದಿ ಆಸ್ಪತ್ರೆಯಲ್ಲಿ ಹಬ್ಬಿತು. ಔಷಧ ಉಗ್ರಾಣದ ಮೇಲ್ವಿಚಾರಕನ ದಿನ ಕೆಟ್ಟದ್ದು ಅಲ್ಲಿಂದಲೇ.

ಆ ಮೇಲ್ವಿಚಾರಕನಿಗೆ ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಎಲ್ಲೋ ಇದೆ. ಬಾಗಿಲ ಕಾವಲಿನವನಿಂದ ಹಿಡಿದು ಹಿರಿಯ ಡಾಕ್ಟರಮ್ಮನವರೆಗೆ ಎಲ್ಲರಿಗೂ ಅವನು ಹುಷಾರಪ್ಪ. ಮೆಟ್ಟಿಲು ಇಳಿಯುವವರಿಗೆ 'ಹುಷಾರಪ್ಪ', ಕಾಫಿ ಕುಡಿಯುವವರಿಗೆ 'ಬಿಸಿ, ಹುಷಾರಪ್ಪ', ಸುಮ್ಮನೆ ಕೂತವನಿಗೂ 'ಕುರ್ಚಿ ಹುಷಾರಪ್ಪ'. ಹೀಗೆ ಕಂಡಕಂಡವರಿಗೆಲ್ಲ ಹಂಚಿ ಮಿಕ್ಕದ್ದನ್ನು ಸಂಜೆ ಮನೆಗೆ ಒಯ್ದು, ಹದಿನೈದು ವರ್ಷದ ಒಬ್ಬಳೇ ಮಗಳ ಮೇಲೆ ಸುರಿಯುತ್ತಿದ್ದ.

ಮಗಳಿಗೆ ಹನ್ನೆರಡನೇ ವಯಸ್ಸಿನಲ್ಲಿ ಫಿಟ್ಸ್ ಶುರುವಾಗಿತ್ತು. ಹಿರಿಯ ಡಾಕ್ಟರಮ್ಮ ಕೊಟ್ಟ ಮಾತ್ರೆ ತಪ್ಪದೆ ತೆಗೆದುಕೊಂಡು ಈಗ ಒಂದೂವರೆ ವರ್ಷದಿಂದ ಒಂದು ಸಲವೂ ಬಂದಿರಲಿಲ್ಲ. ಫಿಟ್ಸ್ ಅವಳನ್ನು ಬಿಟ್ಟಿತು, ಅಪ್ಪ ಬಿಡಲಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಎರಡು ನಿಮಿಷಕ್ಕೊಮ್ಮೆ ಕೆಮ್ಮುತ್ತಿದ್ದ. ಒಳಗಿನಿಂದ ಅವಳೂ ಕೆಮ್ಮಬೇಕು, ಇಲ್ಲದಿದ್ದರೆ ಬಾಗಿಲು ಮುರಿಯುವುದೊಂದು ಬಾಕಿ. ಈಗ ಅವಳ ಶಾಲೆಯವರು ಕೆರೆಯ ದಡದಲ್ಲಿ ಡೇರೆ ಹಾಕಿ ನಾಲ್ಕು ದಿನ ಪ್ರವಾಸ ಇಟ್ಟುಕೊಂಡಿದ್ದರು. ಬರುತ್ತಾಳೋ ಇಲ್ಲವೋ ಎಂದು ಇಂದು ಸಂಜೆಯೊಳಗೆ ಟೀಚರಿಗೆ ತಿಳಿಸಬೇಕಿತ್ತು. ಕೆರೆ ಎಂಬ ಒಂದು ಪದ ಕೇಳಿದ್ದೇ ಹುಷಾರಪ್ಪ ಇಲ್ಲ ಅಂದುಬಿಟ್ಟಿದ್ದ. ಅವಳು ಒಂದು ವಾರ ಅತ್ತಳು, ಎರಡು ದಿನ ಮಾತು ಬಿಟ್ಟಳು, ಇವತ್ತು ಬೆಳಗ್ಗೆ ಮಾತ್ರ ಸುಮ್ಮನೆ ತಲೆ ಬಾಚಿಕೊಂಡು ಕೂತಿದ್ದಳು. ಸದ್ಯ, ಬುದ್ಧಿ ಬಂತು ಅಂತ ಅವನು ನಿಶ್ಚಿಂತೆಯಿಂದ ಕೆಲಸಕ್ಕೆ ಬಂದಿದ್ದ.

ಅಂದು ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೇ ಪಾಠ. ಸಣ್ಣ ಸಣ್ಣ ಚಿಕಿತ್ಸಾಲಯಗಳ ಹನ್ನೆರಡು ಮಂದಿ ಡಾಕ್ಟರುಗಳು ಬಂದಿದ್ದರು. ಕೆಮ್ಮು ಜ್ವರಕ್ಕೆ ಎದೆಯುಬ್ಬಿಸಿ ನಿಲ್ಲುವ ಇವರು, ಫಿಟ್ಸ್ ಬರುವ ಹೈಸ್ಕೂಲು ಮಕ್ಕಳು ಬಂದರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕೈ ತೊಳೆದುಕೊಳ್ಳುವವರು. ಹಿರಿಯ ಡಾಕ್ಟರಮ್ಮನಿಗೆ ಆ ಚೀಟಿಗಳನ್ನು ನೋಡಿ ನೋಡಿ ಸಾಕಾಗಿತ್ತು. ಅದಕ್ಕೇ ಈ ತರಬೇತಿ. ಒಂದು ಕೋಣೆಯಲ್ಲಿ ಒಬ್ಬ ನಟಿ ರೋಗಿಯಾಗಿ, ಇನ್ನೊಬ್ಬರು ತಾಯಿಯಾಗಿ ಕೂರುತ್ತಾರೆ. ಡಾಕ್ಟರು ಒಬ್ಬೊಬ್ಬರಾಗಿ ಒಳಗೆ ಬಂದು ಎಂಟು ನಿಮಿಷ ಮಾತಾಡಿಸಬೇಕು. ಗಂಟೆ ಹೊಡೆದರೆ ಮುಂದಿನವರು. ಮೂಲೆಯಲ್ಲಿ ಕ್ಯಾಮೆರಾ, ಪಕ್ಕದ ಸಭಾಂಗಣದಲ್ಲಿ ಉಳಿದವರು ಪರದೆಯ ಮೇಲೆ ನೋಡಿ ತಪ್ಪು ಒಪ್ಪು ಬರೆದು, ಪ್ರತಿ ಸರದಿಯ ನಂತರ ಕಾಲು ಗಂಟೆ ಚರ್ಚಿಸುತ್ತಾರೆ.

ಹುಷಾರಪ್ಪ ಮಾತ್ರೆಯ ಪೆಟ್ಟಿಗೆ ಕೊಡಲು ಆ ಕೋಣೆಗೆ ಹೋದದ್ದೇ ತಪ್ಪಾಯಿತು. ಹಿರಿಯ ಡಾಕ್ಟರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಫಿಟ್ಸ್ ಬಗ್ಗೆ ಈ ಆಸ್ಪತ್ರೆಯಲ್ಲಿ ತನ್ನನ್ನು ಬಿಟ್ಟರೆ ಗೊತ್ತಿರುವುದು ಇವನಿಗೊಬ್ಬನಿಗೇ ಎಂದರು. ಅಷ್ಟು ಹೊಗಳಿಕೆ ಸಾಕಿತ್ತು. ಏನು ಬೇಕಾದರೂ ಮಾಡಿಕೊಡ್ತೀನಿ ಮೇಡಂ ಅಂತ ಅವನು ಮಾತು ಕೊಟ್ಟ ಮೇಲೆ, ಗಂಟಲು ಕಟ್ಟಿದ ನಟಿಯ ಬದಲು ಹದಿನೈದು ವರ್ಷದ ಹುಡುಗಿಯ ಪಾತ್ರ ಎಂದು ತಿಳಿಯಿತು.

"ಮೀಸೆ ಇದೆಯಲ್ಲ ಮೇಡಂ," ಅಂದ.

"ಮಾಸ್ಕ್ ಇದೆಯಲ್ಲ," ಅಂದರು ದೊಡ್ಡ ಸಿಸ್ಟರ್. ತಾಯಿಯ ಪಾತ್ರ ಅವರದ್ದು.

ಸುದ್ದಿ ಕೇಳಿ ಆಸ್ಪತ್ರೆಯ ಅರ್ಧ ಜನ ಬಾಗಿಲಿಗೆ ಬಂದರು. ಲಿಫ್ಟಿನವನು ಎಲ್ಲಿಂದಲೋ ಒಂದು ಸ್ಕೂಲ್ ಬ್ಯಾಗ್ ತಂದ. ಡ್ರೆಸ್ಸಿಂಗ್ ಕೋಣೆಯ ನರ್ಸುಗಳು ಬ್ಯಾಂಡೇಜು ಸುತ್ತಿ ಎರಡು ಜಡೆ ಹೆಣೆದು ಬೋಳುತಲೆಗೆ ಅಂಟುಪಟ್ಟಿಯಿಂದ ಅಂಟಿಸಿದರು. ಜಡೆ ಒಂದು ಮುಂದಕ್ಕೆ ಹಾಕಿಕೊಂಡರೆ ಚೆನ್ನ ಎಂದು ಅಡುಗೆಯವನು ಸಲಹೆ ಕೊಟ್ಟ. ಯಾರಿಗೂ ಕೆಲಸವಿದ್ದಂತೆ ಕಾಣಲಿಲ್ಲ.

ಕೈಗೆ ಕೊಟ್ಟ ಮೂರು ಹಾಳೆಯನ್ನು ಹುಷಾರಪ್ಪ ಓದಿದ. ಹುಡುಗಿಗೆ ಹದಿನೈದು, ಒಂದೂವರೆ ವರ್ಷದಿಂದ ಫಿಟ್ಸ್ ಇಲ್ಲ, ಕೆರೆಯ ದಡದ ಪ್ರವಾಸಕ್ಕೆ ಹೋಗುವ ಆಸೆ. ತಾಯಿ ಸ್ನಾನದ ಮನೆಯ ಹೊರಗೆ ನಿಂತು ಕೆಮ್ಮುತ್ತಾಳೆ. ಗೆಳತಿಯರ ಎದುರೇ ಮಾತ್ರೆ ತೆಗೆದುಕೊಂಡೆಯಾ ಅಂತ ಕೂಗಿ ಕೇಳುತ್ತಾಳೆ. ಓದುತ್ತ ಓದುತ್ತ ಅವನಿಗೆ ಬಹಳ ಸಂತೋಷವಾಯಿತು.

"ತಾಯಿ ಅಂದ್ರೆ ಹೀಗಿರ್ಬೇಕು ಸಿಸ್ಟರ್," ಅಂದ. "ಬರೆದವರು ಅನುಭವಸ್ಥರು. ನನ್ನ ಹತ್ರ ಕೇಳಿದ್ದನ್ನೆಲ್ಲ ಮೇಡಂ ನೆನಪಿಟ್ಟು ಬರೆದಿದ್ದಾರೆ ನೋಡಿ."

ದೊಡ್ಡ ಸಿಸ್ಟರ್ ಹೂಂ ಅಂದರೇ ಹೊರತು ಅವನ ಮುಖ ನೋಡಲಿಲ್ಲ.

ಮೊದಲು ಬಂದವರು ಒಬ್ಬ ಧಡೂತಿ ಡಾಕ್ಟರು. ಅವರು ಎಂಟು ನಿಮಿಷವೂ ತಾಯಿಯನ್ನೇ ಕೇಳಿದರು. ಇವಳು ನಿದ್ದೆ ಮಾಡ್ತಾಳಾ, ಇವಳು ಮಾತ್ರೆ ತಗೋತಾಳಾ, ಇವಳು ಓದ್ತಾಳಾ. ಇವಳು ಅನ್ನುವವಳು ಎರಡು ಅಡಿ ದೂರದಲ್ಲಿ ಜಡೆ ಹಿಡಿದುಕೊಂಡು ಕೂತಿದ್ದಳು. ಹುಷಾರಪ್ಪ ನಡುವೆ ಮೂರು ಸಲ ಬಾಯಿ ತೆರೆದ. ಮೂರು ಸಲವೂ ಡಾಕ್ಟರು ಕೈ ತೋರಿಸಿ ಸುಮ್ಮನಿರಿಸಿದರು. ಎರಡನೆಯವರೂ ಹಾಗೇ, ಮೂರನೆಯವರೂ ಹಾಗೇ. ನಡುನಡುವೆ ದೊಡ್ಡ ಸಿಸ್ಟರ್ ಎರಡು ನಿಮಿಷಕ್ಕೊಮ್ಮೆ ಕೆಮ್ಮುತ್ತಿದ್ದರು. ತಿರುಗಿ ಕೆಮ್ಮದಿದ್ದರೆ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. ನಾಲ್ಕನೇ ಸರದಿಯ ಹೊತ್ತಿಗೆ ಹುಷಾರಪ್ಪನಿಗೆ ಈ ಹೆಂಗಸಿನ ಕೆಮ್ಮು ಸ್ವಲ್ಪ ಅತಿಯಾಯಿತು ಅನ್ನಿಸತೊಡಗಿತು.

ನಾಲ್ಕರಿಂದ ಆರನೆಯ ಸರದಿಯವರೆಗೆ ಮಾತಿನ ನಡುವೆ ಫಿಟ್ಸ್ ಬರಬೇಕೆಂದು ಹಾಳೆಯಲ್ಲಿತ್ತು. ಹುಷಾರಪ್ಪ ನೆಲಕ್ಕೆ ಬಿದ್ದು ಕೈಕಾಲು ಜಾಡಿಸಿದ. ಮಗಳ ಫಿಟ್ಸನ್ನು ಆರು ಸಲ ಕಣ್ಣಾರೆ ಕಂಡವನು. ನಟನೆ ಎಷ್ಟು ಚೆನ್ನಾಗಿತ್ತೆಂದರೆ ಬಾಗಿಲ ಸಂದಿಯಲ್ಲಿದ್ದ ಅಡುಗೆಯವನು ಅಯ್ಯೋ ಅಂದ. ಪಾಪ, ಆ ಸರದಿಯ ಡಾಕ್ಟರಿಗೆ ವಯಸ್ಸಾಗಿತ್ತು. ಹಳೆಯ ಕಾಲದ ಅಭ್ಯಾಸ, ಮೇಜಿನ ಮೇಲಿದ್ದ ಚಮಚ ಎತ್ತಿಕೊಂಡು ಮಾಸ್ಕ್ ಸರಿಸಿ ಹಲ್ಲಿನ ನಡುವೆ ತುರುಕಲು ಬಂದರು. ಹುಷಾರಪ್ಪ ಫಿಟ್ಸ್ ಅರ್ಧಕ್ಕೇ ನಿಲ್ಲಿಸಿ ಎದ್ದು ಕೂತ.

"ಬಾಯಿಗೆ ಏನೂ ಹಾಕಬಾರದು ಸರ್. ಹಲ್ಲು ಮುರಿಯುತ್ತೆ. ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಏನಾದ್ರೂ ಮೆತ್ತಗಿರೋದು ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ ಆಂಬುಲೆನ್ಸು," ಎಂದು ಹೇಳಿ ಮತ್ತೆ ಮಲಗಿ ಕೈಕಾಲು ಜಾಡಿಸಿದ.

ಫಿಟ್ಸ್ ಬಂದವರು ಭಾಷಣ ಮಾಡಬಾರದು ಎಂದು ದೊಡ್ಡ ಸಿಸ್ಟರ್ ಗದರಿದರು. ಐದನೆಯವರು ಬಾಯಿಗೇನೂ ಹಾಕಲಿಲ್ಲ, ಆದರೆ ಅಲ್ಲಾಡದಂತೆ ಹಿಡಿಯಬೇಕೆಂದು ಅವನ ಕಾಲ ಮೇಲೆ ಕೂತರು. ಸೊಂಟ ಲಟಕ್ಕೆಂದಿತು. ಆರನೆಯವರು ನೀರು ಚಿಮುಕಿಸಿ ಬ್ಯಾಂಡೇಜು ಜಡೆಯನ್ನು ತೋಯಿಸಿದರು. ಮೇಲೆ ಏಳುವಾಗ ಒಂದು ಜಡೆ ನೆಲದಲ್ಲೇ ಉಳಿಯಿತು. ಪಕ್ಕದ ಸಭಾಂಗಣದಿಂದ ನಗು ಕೇಳಿಸಿತು. ನಗುವಿನಲ್ಲಿ ಒಂದು ದನಿ ಎಲ್ಲೋ ಕೇಳಿದಂತಿತ್ತು, ಆದರೆ ಸೊಂಟದ ನೋವಿನಲ್ಲಿ ಅವನು ಅದರ ಕಡೆ ಗಮನ ಕೊಡಲಿಲ್ಲ.

ಊಟದ ನಂತರ ಒಳಗೆ ಬಂದವಳು ಆಗಷ್ಟೇ ಓದು ಮುಗಿಸಿದ ಸಣ್ಣ ವಯಸ್ಸಿನ ಡಾಕ್ಟರು. ಅವಳು ತಾಯಿಗೆ ನಮಸ್ಕಾರ ಹೇಳಿ, ಐದು ನಿಮಿಷ ಹೊರಗಿರ್ತೀರಾ ಅಮ್ಮ, ನಾನು ಇವಳ ಹತ್ತಿರ ಒಬ್ಬಳೇ ಮಾತಾಡಬೇಕು ಅಂದಳು. ದೊಡ್ಡ ಸಿಸ್ಟರ್ ಕೆಮ್ಮುತ್ತ ಹೊರಗೆ ಹೋದರು. ಕೋಣೆ ಇದ್ದಕ್ಕಿದ್ದಂತೆ ಎಷ್ಟು ಸದ್ದಿಲ್ಲದಾಯಿತೆಂದರೆ ಹುಷಾರಪ್ಪನಿಗೆ ಕಿವಿಯೇ ಹಗುರಾದಂತಾಯಿತು. ಎಳೆಯ ಡಾಕ್ಟರು ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡು ಕೂತಳು.

"ನಿಂಗೆ ಎಲ್ಲಕ್ಕಿಂತ ಕಷ್ಟ ಯಾವುದಮ್ಮ? ಫಿಟ್ಸಾ?"

ಹಾಳೆಯಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ. ಹುಷಾರಪ್ಪ ಮೂರೂ ಹಾಳೆ ತಿರುವಿ ನೋಡಿದ. ಆಮೇಲೆ ಬಾಯಿಂದ ಬಂದದ್ದು ಅವನ ಮಾತಲ್ಲ. ಹೋದ ವಾರ ಊಟಕ್ಕೆ ಕೂತಾಗ ಮಗಳು ಹೇಳಿದ್ದು, ಅವನು ಕಿವಿಗೇ ಹಾಕಿಕೊಳ್ಳದೆ ಇನ್ನೊಂದು ಚಮಚ ಬಡಿಸಿದ್ದು.

"ಫಿಟ್ಸ್ ಬಂದಾಗ ನಂಗೇನೂ ಗೊತ್ತಾಗಲ್ಲ. ಬರದೇ ಇದ್ದಾಗಲೇ ಕಷ್ಟ. ಮನೆಯಲ್ಲಿ ಎಲ್ಲರೂ ನಾನು ಯಾವಾಗ ಬೀಳ್ತೀನಿ ಅಂತ ಕಾಯ್ತಾ ಇರ್ತಾರೆ. ನಾನು ನಿಂತಿರೋದನ್ನ ಯಾರೂ ನೋಡಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಮಾಸ್ಕಿನ ಒಳಗೆಲ್ಲ ಕಣ್ಣೀರು. ಆ ಎಳೆಯ ಡಾಕ್ಟರು ಗಾಬರಿಯಾಗದೆ, ಕೆರೆಯಲ್ಲಿ ಈಜಬೇಕಾದರೆ ಪಕ್ಕದಲ್ಲಿ ಈಜು ಬಲ್ಲ ದೊಡ್ಡವರೊಬ್ಬರು ಇರಬೇಕು, ಮಾತ್ರೆ ತಪ್ಪಬಾರದು, ನಿದ್ದೆ ಕೆಡಬಾರದು, ಟೀಚರಿಗೆ ಏನು ಮಾಡಬೇಕೆಂದು ಬರೆದು ಕೊಡ್ತೀನಿ, ಹೋಗಿ ಬಾ ಅಂದಳು. ಅಷ್ಟು ಸರಳವಾಗಿ. ಹುಷಾರಪ್ಪನಿಗೆ ಎದ್ದು ಕುಣಿಯಬೇಕು ಅನ್ನಿಸಿತು, ಸೊಂಟ ಒಪ್ಪಲಿಲ್ಲ.

ಅಲ್ಲಿಂದ ಮುಂದಿನ ಸರದಿಗಳಲ್ಲಿ ಅವನನ್ನು ಹಿಡಿಯುವವರೇ ಇಲ್ಲ. ಹಾಳೆ ಮೂಲೆಗೆಸೆದು ಪ್ರವಾಸಕ್ಕಾಗಿ ಜಗಳಕ್ಕೇ ನಿಂತ. ಡಾಕ್ಟರುಗಳನ್ನು ತನ್ನ ಪಕ್ಷಕ್ಕೆ ಎಳೆದುಕೊಂಡ. ಹನ್ನೆರಡನೆಯ ಸರದಿಯಲ್ಲಿ ದೊಡ್ಡ ಸಿಸ್ಟರ್ ಕೆಮ್ಮಿದ್ದೇ ತಡ, ಈಯಮ್ಮನ ಜೊತೆ ಬದುಕೋದು ಹೇಗೆ ಸ್ವಾಮಿ, ಇವರಿಗೇ ಮೊದಲು ಔಷಧಿ ಕೊಡಿ ಎಂದು ಕೂಗಿದ. ಗಂಟೆ ಹೊಡೆಯಿತು. ಸಭಾಂಗಣದಲ್ಲಿ ಚಪ್ಪಾಳೆ.

ಕೊನೆಗೆ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ ಹಿರಿಯ ಡಾಕ್ಟರಮ್ಮ ಮಾತಾಡಿದರು. ಯಾರು ಎಲ್ಲಿ ತಪ್ಪಿದರು, ಆ ಎಳೆಯ ಡಾಕ್ಟರು ಎಲ್ಲಿ ಗೆದ್ದಳು ಎಂದು ತಿಳಿಸಿದ ಮೇಲೆ, ಈ ಹಾಳೆಗಳನ್ನು ಬರೆದದ್ದು ತಾನಲ್ಲ, ತನ್ನ ಒಬ್ಬ ರೋಗಿ ಎಂದರು. ಹಿಂದಿನ ಸಾಲಿನಲ್ಲಿ ತನ್ನಮ್ಮನ ಪಕ್ಕ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಬೆಳಗ್ಗೆ ಸುಮ್ಮನೆ ತಲೆ ಬಾಚಿಕೊಂಡವಳು. ಬೆಳಗ್ಗಿನಿಂದ ಪರದೆಯ ಮೇಲೆ ಎಲ್ಲವನ್ನೂ ನೋಡಿದವಳು.

"ಬರೆದುಕೊಡೋಕೆ ಏನು ಬೇಕಮ್ಮ ಅಂತ ಕೇಳ್ದೆ," ಎಂದರು ಡಾಕ್ಟರಮ್ಮ. "ಎರಡು ಷರತ್ತು ಹಾಕಿದಳು. ಮೊದಲನೆಯದ್ದು, ನನ್ನ ಪಾತ್ರ ನಮ್ಮಪ್ಪನೇ ಮಾಡಬೇಕು. ಗಂಟಲು ಕಟ್ಟಿದ ನಟಿ ಯಾರೂ ಇಲ್ಲ ಹುಷಾರಪ್ಪ."

ಒಂಟಿ ಜಡೆಯ ಹುಷಾರಪ್ಪ ಹನ್ನೆರಡು ಡಾಕ್ಟರು, ಲಿಫ್ಟಿನವನು, ಅಡುಗೆಯವನು ಎಲ್ಲರ ಎದುರು ನಿಂತಿದ್ದ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಮಗಳ ಮೇಲೆ ಹೆಮ್ಮೆ ಉಕ್ಕಿತು. ಇಡೀ ಮಧ್ಯಾಹ್ನ ಅವಳ ಪರವಾಗಿ ತಾನೇ ವಾದಿಸಿದ ಮೇಲೆ ಇನ್ನು ಇಲ್ಲ ಅನ್ನುವ ಬಾಯಿ ಎಲ್ಲಿಂದ ತರುವುದು?

"ಹೋಗಿ ಬಾ ಮಗಳೇ," ಅಂದ. "ನಾಲ್ಕೂ ದಿನ. ಟೀಚರಿಗೆ ಈಗಲೇ ಹೇಳು."

ಅವಳು ಓಡಿ ಬಂದು ತಬ್ಬಿಕೊಂಡು, ಅಪ್ಪ, ಚೆನ್ನಾಗಿ ಮಾಡಿದೆ, ಆದ್ರೆ ನಾನು ಅಷ್ಟೊಂದು ಅಳಲ್ಲ ಅಂದಳು. ಸಭಾಂಗಣವೆಲ್ಲ ನಕ್ಕಿತು. ಅವನ ಹೆಂಡತಿಯಂತೂ ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕಳು.

ಐದು ಗಂಟೆಗೆ, ಎಲ್ಲರೂ ಕಾಫಿಗೆ ಹೋದ ಮೇಲೆ, ಹುಷಾರಪ್ಪ ಸದ್ದಿಲ್ಲದೆ ಆಫೀಸಿಗೆ ನುಸುಳಿದ. ಒಪ್ಪಿದ್ದು ನಿಜ. ಆದರೆ ಕೆರೆಯಿಂದ ಒಂದು ಕಿಲೋಮೀಟರು ದೂರದಲ್ಲಿ, ಮರದ ಮರೆಯಲ್ಲಿ, ದುರ್ಬೀನು ಹಿಡಿದು ಕೂರಬಾರದು ಅಂತ ಯಾರೂ ಹೇಳಿರಲಿಲ್ಲ. ಸೊಂಟ ನೋವು ಎಂದು ಕಾರಣ ಬರೆದು, ಸರಿಯಾಗಿ ಆ ನಾಲ್ಕು ದಿನಕ್ಕೇ ರಜೆ ಅರ್ಜಿ ಕೊಟ್ಟ. ಗುಮಾಸ್ತೆ ಅದನ್ನು ಓದಿ, ಪಕ್ಕದ ಬಾಗಿಲು ತಟ್ಟಿದಳು. ಹಿರಿಯ ಡಾಕ್ಟರಮ್ಮ ಕಾಫಿ ಲೋಟ ಹಿಡಿದೇ ಹೊರಗೆ ಬಂದರು.

"ರಜೆ ಇಲ್ಲ ಹುಷಾರಪ್ಪ. ಆ ನಾಲ್ಕು ದಿನವೂ ಬೇರೆ ಬೇರೆ ಡಾಕ್ಟರುಗಳು ತರಬೇತಿಗೆ ಬರ್ತಾರೆ. ಹುಡುಗಿ ನೀವೇ. ಇದೇ ಎರಡನೇ ಷರತ್ತು. ನೀವು ರಜೆ ಕೇಳೋಕೆ ಬಂದ್ರೆ ಮಾತ್ರ ಹೇಳಿ ಅಂದಿದ್ದಳು."

ಹುಷಾರಪ್ಪ ಅರ್ಜಿಯನ್ನು ವಾಪಸ್ಸು ತೆಗೆದುಕೊಂಡು ಮಡಿಚಿದ. ಕೇಳದೇ ಇದ್ದಿದ್ದರೆ ಏನಾಗ್ತಿತ್ತು ಮೇಡಂ ಅಂದ.

"ಜೊತೆಗೆ ಒಬ್ಬ ಪಾಲಕರು ಬರಲಿ ಅಂತ ಶಾಲೆಯವರು ಕೇಳಿದ್ದಾರಂತೆ. ಇವತ್ತು ಸಂಜೆ ತನಕ ನೀವು ರಜೆ ಕೇಳದೆ ಸುಮ್ಮನಿದ್ರೆ, ನಿಮ್ಮನ್ನೇ ಕರೀಬೇಕು ಅಂತಿದ್ದಳು. ಈಗ ನಿಮ್ಮ ಮನೆಯವರು ಹೋಗ್ತಾರೆ."