ಅವ್ವ ಆರಿಸಿದ ಹಳದಿ

ಗಂಡ ಹೆಂಡತಿಯ ಜಗಳದಲ್ಲಿ ತನ್ನ ಪರವಾಗಿ ಒಬ್ಬ ಸಾಕ್ಷಿ ಸಿಕ್ಕರೆ, ಆ ಸಾಕ್ಷಿಯ ಮಾತು ಎಷ್ಟು ನಿಜ ಎಂದು ವಿಚಾರಿಸುವ ಗಂಡನನ್ನು ನಾನಿನ್ನೂ ಕಂಡಿಲ್ಲ. ಕನ್ನಡಿಯಲ್ಲಂತೂ ಕಂಡೇ ಇಲ್ಲ. ಶಹಾಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳುವ ನಾನು, ಹುಡುಗರು ಉತ್ತರ ಸರಿ ಬರೆದರೂ ಅದು ಹೇಗೆ ಬಂತೆಂದು ತೋರಿಸದಿದ್ದರೆ ಅಂಕ ಕೊಡುವವನಲ್ಲ. ಮನೆಗೆ ಬಂದಾಗ ಮಾತ್ರ ಆ ಶಿಸ್ತನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟಿರುತ್ತೇನೆ. ಕಳೆದ ಬೇಸಿಗೆಯಲ್ಲಿ ಮನೆಗೆ ಬಣ್ಣ ಹಚ್ಚಿಸಲು ಹೋಗಿ ಈ ಗುಟ್ಟು ನನಗೇ ತಿಳಿಯಿತು.

ಪಡಸಾಲೆಗೆ ಹಳದಿ ಎಂಬುದರಲ್ಲಿ ನನಗೂ ಹೆಂಡತಿ ನೀಲಮ್ಮನಿಗೂ ತಕರಾರಿರಲಿಲ್ಲ. ಇರುವುದು ಒಂದೇ ಕಿಟಕಿ, ಮಧ್ಯಾಹ್ನವೂ ಮಬ್ಬು. ಆದರೆ ಅಂಗಡಿಯವನು ಕೊಟ್ಟ ಶೇಡ್ ಕಾರ್ಡ್ ಬಿಚ್ಚಿದರೆ ಪುಟದ ತುಂಬ ಹಳದಿಗಳು, ಒಂದೊಂದಕ್ಕೂ ಅತ್ತರಿನ ಸೀಸೆಗೆ ಇಡುವಂಥ ಇಂಗ್ಲಿಷ್ ಹೆಸರು. ನೀಲಮ್ಮ ಅವನ್ನು ಓದುವ ಗೋಜಿಗೇ ಹೋಗದೆ, ಇದು ಕಡಲೆಹಿಟ್ಟು, ಇದು ಹೂರಣ, ಇದು ಬೆಣ್ಣೆ ಎಂದು ಅಡುಗೆಮನೆಯಿಂದಲೇ ನಾಮಕರಣ ಮುಗಿಸಿ, ಹೆರೆತುಪ್ಪದ ತಿಳಿಬಣ್ಣದ ಮೇಲೆ ಬೆರಳಿಟ್ಟಳು. ನಾನು ದಟ್ಟವಾದ ತೊಗರಿಬೇಳೆಯ ಮೇಲಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಎರಡೂ ಅಷ್ಟೇ. ಅವಳು ಅದನ್ನು ಆರಿಸಿದ್ದಕ್ಕೆ ನಾನು ಇದನ್ನು ಆರಿಸಿದ್ದೆ. ಮಾತು ಬೆಳೆದು ಎರಡು ದಿನ ಚಹಾ ಕೂಡ ಮಾತಿಲ್ಲದೆ ಬಂತು.

ಪೇಂಟರ್ ಮೈಬೂಬಣ್ಣ ಇಂಥ ಮನೆಗಳನ್ನು ಎಷ್ಟೋ ಕಂಡವನು. "ಜಗಳ ಯಾಕ್ರಿ ಸರ, ಗ್ವಾಡಿಗೆ ಎರಡೂ ಹಚ್ಚಿ ತೋರಸ್ತೀನಿ" ಎಂದು ಬಿಳಿ ಗೋಡೆಯ ಮೇಲೆ ಎರಡು ಪಟ್ಟೆ ಎಳೆದ. ಅದರಿಂದಲೂ ಬಗೆಹರಿಯದಾಗ ನಮ್ಮವ್ವನನ್ನು ಕರೆದೆವು. ಅವ್ವನ ತವರು ತೊಗರಿ ಬೆಳೆಯುವ ದೋರನಹಳ್ಳಿ. ಒಂದು ಹಿಡಿ ಬೇಳೆಯನ್ನು ಅಂಗೈಯಲ್ಲಿ ನೋಡಿ ಅದು ಹೊಸತೋ ಹಳತೋ ಹೇಳುತ್ತಿದ್ದವಳು. ಅವಳ ತೀರ್ಪಿಗೆ ಇಬ್ಬರೂ ಒಪ್ಪಿದೆವು.

ಅವ್ವ ಗೋಡೆಯ ಹತ್ತಿರಕ್ಕೆ ಹೋದಳು. "ಒಂದಽ ಹಚ್ಯಾನಲ್ಲೋ. ಇನ್ನೊಂದು ಎಲ್ಲದ?"

"ಇಲ್ಲಿ ನೋಡ್ರಿ ಅತ್ತಿ" ಎಂದು ನೀಲಮ್ಮ ತನ್ನ ಪಟ್ಟೆ ತೋರಿಸಿದಳು.

"ಇದು ಬರೇ ಸುಣ್ಣ ಅದ. ಬಣ್ಣ ಅಂದ್ರ ಇದು" ಎಂದು ಅವ್ವ ನನ್ನ ತೊಗರಿಬೇಳೆಯ ಮೇಲೆ ಕೈಯಿಟ್ಟಳು. ಹಸಿ ಬಣ್ಣ ಅಂಗೈಗೆ ಹತ್ತಿತು.

"ಕೇಳಿದ್ಯಾ? ಹಿರಿಯರ ಕಣ್ಣು ಅಂದ್ರ ಕಣ್ಣು!" ಎಂದು ನಾನು ಮನೆಯೆಲ್ಲ ಕೇಳುವಂತೆ ಸಾರಿದೆ. ನೀಲಮ್ಮ ಒಳಗೆ ಹೋದಳು. ಎರಡು ದಿನದಲ್ಲಿ ಪಡಸಾಲೆಯೆಲ್ಲ ತೊಗರಿಬೇಳೆಯಾಯಿತು.

ಮೂರನೆಯ ದಿನ ಮೈಬೂಬಣ್ಣ ಅವ್ವನ ಖೋಲಿಗೆ ಬಿಳಿ ಹಚ್ಚುತ್ತಿದ್ದ. ಅವ್ವ ಬಾಗಿಲಲ್ಲಿ ನಿಂತು, "ಇಲ್ಲೂ ಹಳದೀನ ಹಚ್ಚಾಕತ್ತೀಯಲ್ಲಪ್ಪಾ, ಛಲೋ ಆತು" ಎಂದಳು. ಆತ ಏಣಿಯಿಂದ ಇಳಿದು ನನ್ನನ್ನು ಅಂಗಳಕ್ಕೆ ಕರೆದ.

"ಸರ, ಸಿಟ್ಟಿಗೇಳಬ್ಯಾಡ್ರಿ. ಅವ್ವಾರು ಬಿಳಿಗೆ ಹಳದಿ ಅನ್ನಾಕತ್ಯಾರ. ನಮ್ಮ ಅಬ್ಬಾಗೂ ಹಿಂಗಽ ಆಗಿತ್ರಿ. ಮೋತಿಬಿಂದು ರೀ, ಕಣ್ಣಾಗ ಪೊರಿ. ಲಗೂನ ಕಣ್ಣು ತೋರಸ್ರಿ."

ಒಂದೊಂದೇ ನೆನಪಿಗೆ ಬಂತು. ಅವ್ವ ಅಕ್ಕಿ ಆರಿಸುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಸೊಸೆಗೆ ಬಿಟ್ಟುಕೊಟ್ಟಿದ್ದಾಳೆ ಎಂದುಕೊಂಡಿದ್ದೆ. ಚಹಾದ ಕಪ್ಪಿನ ಅಂಚನ್ನು ಮೊದಲು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಬಿಸಿ ಪರೀಕ್ಷಿಸುತ್ತಾಳೆ ಎಂದುಕೊಂಡಿದ್ದೆ. ಒಳಗೆ ಹೋಗಿ ಅವ್ವನ ಪಕ್ಕದಲ್ಲಿ ಕೂತು, ಕಣ್ಣು ಸರಿಯಾಗಿ ಕಾಣುತ್ತಿಲ್ಲವೇ ಎಂದು ಕೇಳಿದೆ.

ಅವ್ವ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಹೇಳಿದ್ರ ಕಣ್ಣು ಕೊಯ್ಯಾಕ ಕರಕೊಂಡು ಹೋಗ್ತೀರಿ ಅಂತ ಅಂಜಿ ಸುಮ್ನಿದ್ದೆ. ಅವತ್ತು ನೀವಿಬ್ರೂ ಕಚ್ಚಾಡಾಕತ್ತಿದ್ರಿ. ನನಗ ಬಿಳಿ, ತಿಳಿ ಹಳದಿ ಎರಡೂ ಒಂದಽ ಕಾಣ್ತಿದ್ವು. ದಟ್ಟಂದು ಒಂದು ಕಂಡ್ತು, ಅದನ್ನ ಹೇಳಿದೆ."

ಮರುದಿನವೇ ಯಾದಗಿರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಬಹಳ ಹೊತ್ತು ನೋಡಿ, ಎರಡೂ ಕಣ್ಣಿನ ಪೊರೆ ಚೆನ್ನಾಗಿ ಬಲಿತಿದೆ, ಹಿಂದಿನ ನರ ಹೇಗಿದೆ ಎಂಬುದು ಪೊರೆ ತೆಗೆದ ಮೇಲೆಯೇ ಪೂರ್ತಿ ತಿಳಿಯುವುದು ಎಂದರು. ಮೊದಲ ಕಣ್ಣಿನ ಆಪರೇಷನ್ ನಡೆಯುವಾಗ ನಾನೂ ನೀಲಮ್ಮನೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. "ನಿನ್ನ ಬಣ್ಣಾನ ಛಲೋ ಇತ್ತು" ಎಂದೆ. "ಈಗ್ಯಾಕ್ರೀ ಅದು" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆಯಾದಾಗಿನಿಂದ ನಾನು ಸೋಲೊಪ್ಪಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ನರ್ಸ್ ಪಟ್ಟಿ ಬಿಚ್ಚಿ, ಕೈಯೆತ್ತಿ, "ಎಷ್ಟು ಬೆರಳು ಹೇಳಮ್ಮಾ" ಎಂದಳು. ಅವ್ವ ಬೆರಳು ಎಣಿಸಲೇ ಇಲ್ಲ. ಆ ಹುಡುಗಿಯ ಕೈಯನ್ನು ಹಿಡಿದುಕೊಂಡು, "ಹಸಿರು ಬಳಿ ಎಷ್ಟು ಛಂದ ಕಾಣಾಕತ್ತಾವ ಯವ್ವಾ" ಎಂದಳು. ನಾನು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡೆ. ತೊಳೆದುಕೊಳ್ಳಬೇಕಾದಷ್ಟು ಕೊಳೆಯೇನೂ ಇರಲಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದ ಅವ್ವ, ಪಡಸಾಲೆಯಲ್ಲಿ ಕನ್ನಡಕ ತೆಗೆದವಳೇ ಬೆಚ್ಚಿದಳು. "ಅಯ್ಯಯ್ಯ, ಯಾವ ಮಂಗ್ಯಾ ಆರಿಸ್ಯಾನೋ ಈ ಬಣ್ಣ? ಕಣ್ಣಿಗೆ ಹೊಡಿತದ!"

"ನೀನಽ ಆರಿಸಿದ್ದಬೇ" ಎಂದೆ, ಹೆದರುತ್ತಲೇ.

"ಕಣ್ಣು ಕಾಣದಾಕಿ ಮಾತು ಕೇಳಿ ಮನಿಗೆ ಬಣ್ಣ ಹಚ್ಚತಾರೇನೋ? ಸಾಲಿ ಮಾಸ್ತರ ಅಂತ!"

ನೀಲಮ್ಮ ತುಂಬಾ ದಿನಗಳ ಮೇಲೆ ಜೋರಾಗಿ ನಕ್ಕಳು. ಮುಂದಿನ ವಾರ ಮೈಬೂಬಣ್ಣ ಮತ್ತೆ ಏಣಿ ಹೊತ್ತು ಬಂದ. ಹೆರೆತುಪ್ಪದ ಬಣ್ಣ ಬಿದ್ದ ಮೇಲೆ ಪಡಸಾಲೆಯಲ್ಲಿ ದೀಪ ಹಾಕುವ ಹೊತ್ತೇ ಮುಂದಕ್ಕೆ ಹೋಗಿದೆ. ಮೊನ್ನೆ ಆ ಬೆಳಕಿನಲ್ಲಿ ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡು, ಗಲ್ಲ ಹಿಡಿದು, ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದಳು. ನಾನೂ ಹುಡುಗನಂತೆ ಮುಖ ಒಡ್ಡಿ ಕೂತೆ.

"ತಲಿಗೆ ಏನೋ ಅದು, ಕೆಂಪಗ? ಡೈ ಏನು?" ಎಂದಳು. "ಈ ಬಣ್ಣಾನೂ ನೀನಽ ಆರಿಸಿದ್ದೇನು?"