ಗ್ರಿಲ್ಲಿಗೆ ಹೊಂದುವ ಮುದ್ದೆ

ಪಾದಚಾರಿಯ ಪ್ರಾಣ ಅಮೂಲ್ಯವಾದುದೆಂದು ಯಲಹಂಕದ ಪಾದಚಾರಿ ಸುರಕ್ಷಾ ಕೋಶವು ಸರ್ವಾನುಮತದಿಂದ ತೀರ್ಮಾನಿಸಿದೆ. ತೀರ್ಮಾನವಾದ ವಾರವೇ ಹಳೇ ಊರಿನ ಮುಂದಿನ ಮುಖ್ಯರಸ್ತೆಗೆ ಅಡ್ಡಲಾಗಿ ಬಿಳಿ ಪಟ್ಟೆ ಬಳಿಯಲಾಯಿತು. ಅದೇ ವಾರ, ಜನ ಎಲ್ಲೆಂದರಲ್ಲಿ ದಾಟಿ ಸಾಯಬಾರದೆಂದು ಕೋಶದ ಇನ್ನೊಂದು ಶಾಖೆ ರಸ್ತೆಯ ನಟ್ಟನಡುವೆ ಆಳೆತ್ತರದ ಗ್ರಿಲ್ ನಿಲ್ಲಿಸಿತು. ಪಟ್ಟೆ ಗ್ರಿಲ್ಲಿನವರೆಗೆ ಹೋಗಿ, ಗ್ರಿಲ್ಲಿನಾಚೆ ಮುಂದುವರಿಯಿತು. ಎರಡೂ ಕಾಮಗಾರಿಗಳು ನಕ್ಷೆಯಂತೆಯೇ ಇವೆ.

ಮುನಿಗಂಗಮ್ಮನವರ ಮನೆ ಈ ಬದಿಗೆ, ಅವರ ಅಕ್ಕ ಮಾರಕ್ಕನವರದು ಎದುರು ಬದಿಗೆ. ಮಾರಕ್ಕನವರ ಮಂಡಿ ಹೋಗಿದೆ. ಒಲೆ ಮುಂದೆ ನಿಲ್ಲಲಾರರು. ಮಧ್ಯಾಹ್ನ ತಂಗಿ ಒಯ್ಯುವ ಬಿಸಿ ಮುದ್ದೆಯೇ ಅವರ ಊಟ. ಗ್ರಿಲ್ ಬಂದ ದಿನ ಮುನಿಗಂಗಮ್ಮ ಡಬ್ಬಿ ಸಮೇತ ಕೋಶದ ಕಚೇರಿಗೆ ಬಂದರು.

"ಇಂಗಾದ್ರೆ ನಮ್ಮಕ್ಕ ಉಪಾಸ ಬೀಳ್ತಾಳಲ್ಲ ಸ್ವಾಮಿ?"

"ಪಟ್ಟೆ ನಮ್ದು, ಗ್ರಿಲ್ ಅವ್ರದು ಕಣಮ್ಮ," ಎಂದರು ಎಂಜಿನಿಯರ್ ನಾಗಭೂಷಣ. "ಹೆಬ್ಬಾಳದ ಕಡೆ ಹೋಗಿ ಯೂ ಟರ್ನ್ ತಗೊಂಡ್ ಬನ್ನಿ."

"ನಂಗೇನ್ ಚಕ್ರ ಐತಾ?"

'ಅರ್ಜಿದಾರರಿಗೆ ಚಕ್ರವಿಲ್ಲ' ಎಂದು ನಾಗಭೂಷಣ ಕಡತದಲ್ಲಿ ದಾಖಲಿಸಿ, ಸ್ಥಳ ಪರಿಶೀಲನೆಗೆ ಹೊರಟರು. ಗ್ರಿಲ್ಲಿನ ಬಳಿ ನಿಂತು ಪರಿಹಾರ ಸೂಚಿಸಿದರು.

"ನೀವು ಇತ್ಲಿಂದ ಅರ್ಧ ದಾಟಿ. ಅವ್ರು ಅತ್ಲಿಂದ ಅರ್ಧ ದಾಟ್ಲಿ. ಒಟ್ಟು ಒಂದು ರಸ್ತೆ ದಾಟಿದಂಗಾಯ್ತು."

"ಆ ಮಂಡಿ ಇಟ್ಕಂಡು ಅವಳು ನಡೀತಾಳಾ?"

"ಇಷ್ಟು ದಿನ ನಡೀತಾನೇ ಇರ್ಲಿಲ್ಲ. ಈಗ ನಡೀತಾರೆ. ಒಬ್ಬ ಪಾದಚಾರಿ ಜಾಸ್ತಿ ಆದ್ರಲ್ಲಾ!"

ಮಾರಕ್ಕನವರು ಕೋಲೂರಿಕೊಂಡು, ಲಾರಿಗಳಿಂದ ಬೈಸಿಕೊಂಡು, ನಡುರಸ್ತೆ ತಲುಪಿದರು. ಮುದ್ದೆ ಸರಳುಗಳ ಸಂದಿಯಲ್ಲಿ ತೂರಲಿಲ್ಲ. ನಾಗಭೂಷಣ ಟೇಪು ತೆಗೆದು ಮೊದಲು ಸಂದಿಯನ್ನು, ನಂತರ ಮುದ್ದೆಯನ್ನು ಅಳೆದರು.

"ಗ್ರಿಲ್ ಸರಿಯಾಗಿದೆ. ಮುದ್ದೆ ಅಳತೆ ಮೀರಿದೆ."

"ಅಳ್ದಿದ್ದು ಸಾಕು ಕಣಪ್ಪ," ಎಂದು ಆಚೆಯಿಂದ ಮಾರಕ್ಕ ಕೂಗಿದರು, "ಆರೋಯ್ತದೆ, ಮುರ್ದಾದ್ರೂ ಕೊಡು!"

ಮರುದಿನ ಪ್ರಕಟಣೆ ಹೊರಬಿತ್ತು: 'ಸಾರ್ವಜನಿಕರು ರಸ್ತೆ ದಾಟಿಸುವ ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರ ಮೀರದಂತೆ ಕಟ್ಟತಕ್ಕದ್ದು. ಸಾರಿನ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.' ಮುನಿಗಂಗಮ್ಮ ಹಾಗೆಯೇ ಕಟ್ಟಿದರು. ಎರಡು ಅರ್ಧಗಳನ್ನು ಒಂದು ಸುರಕ್ಷಿತ ದಾಟುವಿಕೆ ಎಂದು ಲೆಕ್ಕ ಹಿಡಿದು ಕೋಶಕ್ಕೆ ಪ್ರಶಸ್ತಿಯೂ ಬಂತು.

ಪ್ರಶಸ್ತಿ ಬಂದ ಮೇಲೆ ಸುರಕ್ಷತೆ ಹೆಚ್ಚಿಸುವುದು ಅನಿವಾರ್ಯವಾಯಿತು. ಗ್ರಿಲ್ಲಿಗೆ ಈಗ ಸಣ್ಣ ಕಣ್ಣಿನ ಜಾಲರಿ ಹೊದಿಸಲಾಗಿದೆ. ಯಾರಿಂದಲೂ ಆಕ್ಷೇಪಣೆ ಬಂದಿಲ್ಲ. ಮುನಿಗಂಗಮ್ಮ, ಯಾರೂ ಹೇಳದೆಯೇ, ಮುದ್ದೆ ಬಿಟ್ಟು ಅಂಬಲಿ ಕಾಯಿಸುತ್ತಾರೆ. ಈಚೆಯಿಂದ ಅವರು ಸುರಿಯುತ್ತಾರೆ. ಆಚೆಯಿಂದ ಮಾರಕ್ಕ ಲೋಟ ಹಿಡಿಯುತ್ತಾರೆ.

"ಒಳ್ಳೇದೇ ಆಯ್ತು ಬಿಡಪ್ಪ," ಎಂದು ಪರಿಶೀಲನೆಗೆ ಬಂದ ನಾಗಭೂಷಣರಿಗೆ ಮಾರಕ್ಕ ಹೇಳಿದ್ದಾರೆ. "ಅಂಬ್ಲಿ ಗಂಟೆಲ್ಲಾ ಅಲ್ಲೇ ಸೋಸೋಯ್ತದೆ."

ಈ ಮೆಚ್ಚುಗೆಯನ್ನು ವಾರ್ಷಿಕ ವರದಿಗೆ ಸೇರಿಸಲಾಗಿದೆ.