ಡೆಲ್ಬರ್ಟನ ನೆಲಮಾಳಿಗೆಯ ಪೀಪಾಯಿ

ಆ ಶನಿವಾರ ಬೆಳಿಗ್ಗೆ ಡೆಲ್ಬರ್ಟ್ ಕೋಯ್ಮನ್ ನೆಲಮಾಳಿಗೆಗೆ ಇಳಿದದ್ದು ಒಂದೇ ಒಂದು ಗುಟುಕಿಗಾಗಿ. ಅದೂ ನಾಲಿಗೆಯ ಚಪಲಕ್ಕಲ್ಲ, ಮಾನ ಉಳಿಸಿಕೊಳ್ಳುವುದಕ್ಕೆ.

ಸಂಜೆ ಅವನ ಮನೆಯಲ್ಲೇ ಸ್ಟೌಟ್ ಎಂಬ ಕಪ್ಪು ಬಿಯರಿನ ರುಚಿ ನೋಡುವ ಕೂಟವಿತ್ತು. ಇಂಥ ಕೂಟಗಳಲ್ಲಿ ಬೇರೆಯವರೆಲ್ಲ ಒಂದು ಗುಟುಕು ಹೀರಿ, ಕಣ್ಣು ಮುಚ್ಚಿ, "ಒಣದ್ರಾಕ್ಷಿ... ಹಳೇ ಚರ್ಮದ ಕುರ್ಚಿ... ಆರಿದ ಒಲೆಯ ಬೂದಿ..." ಎಂದು ಕವಿಗಳಂತೆ ನುಡಿಯುತ್ತಾರೆ. ಡೆಲ್ಬರ್ಟನ ಸರದಿ ಬಂದಾಗ ಅವನ ಬಾಯಿಂದ ಬೀಳುವುದು ಒಂದೇ ಮಾತು: "ಚೆನ್ನಾಗಿದೆ." ಹೋದ ಸಲ ಹಾಗೆಂದಾಗ ಹೆಂಡತಿ ಮೇರಿಬೆತ್ ಎಲ್ಲರೆದುರಿಗೇ, "ಮದುವೆ ದಿನ ನನ್ನ ನೋಡಿನೂ ಇವರು ಇಷ್ಟೇ ಅಂದಿದ್ರು" ಎಂದಿದ್ದಳು. ಅದಕ್ಕೇ ಈ ಸಲ ಮುಂಚಿತವಾಗಿ ಒಂದು ಗುಟುಕು ಕುಡಿದು, ಒಂದು ಒಳ್ಳೆಯ ಮಾತು ಹೊಂದಿಸಿಟ್ಟುಕೊಳ್ಳೋಣವೆಂದು ಅವನು ಚಮಚ ಹಿಡಿದು ಪೀಪಾಯಿಯ ಮುಂದೆ ಮಂಡಿಯೂರಿದ.

ನಲ್ಲಿ ತಿರುಗಿಸಿದ. ಒಂದು ಹನಿ ಬಿತ್ತು. ಇನ್ನೊಂದು ಹನಿ ಬೀಳಲೋ ಬೇಡವೋ ಎಂದು ಯೋಚಿಸಿ ಅಲ್ಲೇ ತೂಗಾಡಿತು. ಆಮೇಲೆ ಪೀಪಾಯಿ, ಹೊಟ್ಟೆ ತುಂಬ ಉಂಡವರ ಹಾಗೆ, ಸಣ್ಣಗೆ ತೇಗಿತು.

ಡೆಲ್ಬರ್ಟ್ ಬೆರಳು ಮಡಿಚಿ ತಟ್ಟಿದ. ಢಣ್ ಎಂದಿತು. ಅಲ್ಲಾಡಿಸಿದ. ಖಾಲಿ ಬುಟ್ಟಿಯಷ್ಟು ಹಗುರ.

ಆ ಪೀಪಾಯಿ ಅವನೊಬ್ಬನದಾಗಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಮಿಷಿಗನ್ನಿನ ಆಲ್ಡರ್ ಕ್ರೀಕ್ ಎಂಬ ಊರಿನ ಸ್ಪ್ರೂಸ್ ಬೀದಿಯಲ್ಲಿ ನಾಲ್ಕು ಮನೆಯವರು ಸೇರಿ ವಸಂತಕಾಲದಲ್ಲಿ ಕುದಿಸಿಟ್ಟ ಇಂಪೀರಿಯಲ್ ಸ್ಟೌಟ್ ಅದು. ಇದ್ದಿಲಿನಷ್ಟು ಕಪ್ಪು, ಕಾಕಂಬಿಯಷ್ಟು ಮಂದ, ಎರಡು ಲೋಟ ಇಳಿದರೆ ಎಂಥವನ ಬಾಯಲ್ಲೂ ನಿಜ ಹೊರಡಿಸುವಂಥ ಬಿಯರು. ಹಿಂದೆ ಬರ್ಬನ್ ವಿಸ್ಕಿ ತುಂಬಿದ್ದ ಪುಟ್ಟ ಓಕ್ ಪೀಪಾಯಿಗೆ ಅದನ್ನು ಸುರಿದು, ಚಕ್ಕೆ, ವೆನಿಲಾ, ಕೋಕೋ, ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ ಹಾಕಿ, ಜನವರಿಯವರೆಗೆ ಯಾರೂ ಮುಟ್ಟಕೂಡದೆಂದು ಆಣೆ ಮಾಡಿದ್ದರು. ಪೀಪಾಯಿ ಡೆಲ್ಬರ್ಟನ ನೆಲಮಾಳಿಗೆಗೆ ಬಂದದ್ದು ಅಲ್ಲಿ ತಂಪಿರುತ್ತದೆಂದು ಸ್ವಲ್ಪ, ಅವನಿಗೆ ಬೇಡವೆನ್ನಲು ಬರುವುದಿಲ್ಲವೆಂದು ಬಹಳ.

ನಲ್ಲಿಯ ಕೆಳಗೆ ನೆಲದ ನೀರು ಹೋಗುವ ಜಾಲರಿಯಿತ್ತು. ಡೆಲ್ಬರ್ಟನಿಗೆ ಎಲ್ಲ ಅರ್ಥವಾಯಿತು. ಕ್ರಿಸ್‌ಮಸ್ ಮರದ ಪೆಟ್ಟಿಗೆ ಇಡಲು ಇಳಿದಾಗ ತನ್ನ ಕಾಲು ನಲ್ಲಿಗೆ ತಾಗಿರಬೇಕು. ಒಂದು ಬೀದಿಯ ವರ್ಷದ ಕನಸು ಹನಿಹನಿಯಾಗಿ ಮೋರಿ ಸೇರಿತ್ತು.

ಅಷ್ಟರಲ್ಲಿ ಮೇಲೆ ಫೋನು ಬಡಿದುಕೊಂಡಿತು. ರಾಸ್ಕೋ ಡೈಕೆಮಾ. ನಿವೃತ್ತ ಹೆಡ್‌ಮಾಸ್ಟರು, ಬೀದಿಗೆಲ್ಲ ತಾವೇ ಅಧ್ಯಕ್ಷರೆಂದು ತಾವೇ ಆರಿಸಿಕೊಂಡವರು. ಡೆಲ್ಬರ್ಟ್ ಚಡ್ಡಿ ಹಾಕುವ ಕಾಲದಲ್ಲಿ ಅವರ ಶಾಲೆಯಲ್ಲೇ ಓದಿದವನು. ಅವರ ದನಿ ಕೇಳಿದರೆ ಇವತ್ತಿಗೂ ಅವನು ಫೋನಿನ ಮುಂದೆಯೇ ಕೈಕಟ್ಟಿ ನಿಲ್ಲುತ್ತಾನೆ.

"ಕೋಯ್ಮನ್! ಸಂಜೆ ಯಾರನ್ನ ಕರ್ಕೊಂಡು ಬರ್ತಿದೀನಿ ಗೊತ್ತೇನಯ್ಯಾ? ಇನೆಜ್ ಹಾಲ್ವರ್ಸನ್!"

ಇನೆಜ್ ಊರಿನ ಬಿಯರ್ ಕಾರ್ಖಾನೆಗೂ ಅದರ ಅಂಗಡಿಗೂ ಒಡತಿ. ಅವಳು ಮೂಸಿದರೆ ಬಾರ್ಲಿ ಯಾವ ಹೊಲದ್ದೆಂದು ಹೇಳುತ್ತಾಳೆಂಬ ಖ್ಯಾತಿ ಇತ್ತು.

"ಅವಳಿಗೆ ಹಿಡಿಸ್ತೋ, ತನ್ನ ದೊಡ್ಡ ಹಂಡೆಗಳಲ್ಲಿ ನಮ್ಮ ಸ್ಟೌಟ್ ಮಾಡ್ತಾಳಂತೆ. ಅವಳ ಅಂಗಡಿ ಬೋರ್ಡ್ ಮೇಲೆ ಸ್ಪ್ರೂಸ್ ಬೀದಿ ಅಂತ ಹೆಸರು! ಪೀಪಾಯಿ ಸುಖವಾಗಿದೆ ತಾನೆ?"

"ಚೆನ್ನಾಗಿದೆ ಸಾರ್" ಎಂದ ಡೆಲ್ಬರ್ಟ್. ಬೇರೆ ಮಾತು ಅವನಿಗೆ ಬರುತ್ತಿರಲಿಲ್ಲವಷ್ಟೆ.

ಮೇರಿಬೆತ್ ಗ್ರಂಥಾಲಯದ ಕೆಲಸದಿಂದ ಬರುವುದು ಮಧ್ಯಾಹ್ನ. ಅಷ್ಟರೊಳಗೆ ಏನಾದರೂ ಮಾಡಬೇಕು. ಮೊಣಕಾಲುದ್ದದ ಹಿಮದಲ್ಲಿ ಕಾರು ಜಾರಿಸಿಕೊಂಡು ಅವನು ಹೋದದ್ದು ದಿನಸಿ ಅಂಗಡಿಗೆ. ಅಲ್ಲಿದ್ದದ್ದು ನೀರಿನ ಚಿಕ್ಕಪ್ಪನಂಥ ತೆಳು ಬಿಯರು. ಕಪ್ಪಗಿನದು ಸಿಗುವುದು ಊರಿನಲ್ಲಿ ಒಂದೇ ಕಡೆ, ಇನೆಜಳ ಅಂಗಡಿಯಲ್ಲಿ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಒಳಗೆ ನುಗ್ಗಿ, ಅವಳ ಸಾದಾ ಸ್ಟೌಟಿನ ದೊಡ್ಡ ಬಾಟಲಿಗಳನ್ನು ತಬ್ಬಿಕೊಂಡಷ್ಟನ್ನೂ ತಬ್ಬಿಕೊಂಡು ಹೊರಬಂದ. ಬಾಗಿಲಲ್ಲೇ ಎದುರು ಮನೆಯ ಲಾನಿ ಪ್ರುಯಿಟ್ ಸಿಕ್ಕಿದ. ಅಗ್ನಿಶಾಮಕ ದಳದವನು. ಬೆಂಕಿ ಇಲ್ಲದ ಕಡೆಯೂ ಹೊಗೆ ಹುಡುಕುವ ಆಸಾಮಿ.

"ಏನಣ್ಣಾ, ಇವತ್ತು ನಮ್ದೇ ಪೀಪಾಯಿ ಇಟ್ಕೊಂಡು ಇಷ್ಟೊಂದು ಯಾತಕ್ಕೆ?"

"ಇದು... ಮೇರಿಬೆತ್‌ಗೆ."

"ಇಷ್ಟೂ?"

"ತಲೆಗೆ! ತಲೆ ತೊಳ್ಕೊಳಕ್ಕೆ. ಕೂದ್ಲು ಹೊಳೆಯುತ್ತಂತೆ."

ಲಾನಿ ಬಾಟಲಿಗಳನ್ನೊಮ್ಮೆ ನೋಡಿದ, ಆಕಾಶವನ್ನೊಮ್ಮೆ ನೋಡಿದ. "ಅತ್ತಿಗೆಗೆ ಕೂದ್ಲು ಅಷ್ಟೊಂದು ಇದೆ ಅಂತ ಗೊತ್ತಿರ್ಲಿಲ್ಲ" ಎಂದು ದಾರಿ ಬಿಟ್ಟ.

ಅಡಿಗೆಮನೆಯಲ್ಲಿ ಡೆಲ್ಬರ್ಟ್ ದೊಡ್ಡ ಪಾತ್ರೆ ಇಟ್ಟು ಬಾಟಲಿಗಳನ್ನೆಲ್ಲ ಸುರಿದ. ಕಾಕಂಬಿ ಹಾಕಿದ. ಬರ್ಬನ್ ಹುಯ್ದ. ಚಕ್ಕೆಪುಡಿ, ಕೋಕೋ, ವೆನಿಲಾ. ರುಚಿ ನೋಡಿದ. ಏನೋ ಕಡಿಮೆ. ಮೆಣಸಿನಪುಡಿ ಹಾಕಿದ. ಈಗ ಏನೋ ಹೆಚ್ಚು. ಅದನ್ನು ಅಡಗಿಸಲು ಮತ್ತೆ ಬರ್ಬನ್, ಬರ್ಬನ್ ಅಡಗಿಸಲು ಮತ್ತೆ ಕಾಕಂಬಿ. ಓಕ್ ಮರದ ವಾಸನೆಗೆಂದು ಮುರಿದ ಕುರ್ಚಿಯ ಕಾಲೊಂದನ್ನು ತಂದು ಅದ್ದಿ ನೋಡುತ್ತಿದ್ದಾಗ ಹಿಂಬಾಗಿಲು ತೆರೆಯಿತು.

ಪಕ್ಕದ ಮನೆಯ ಥೆಲ್ಮಜ್ಜಿ. ಬಾಗಿಲು ತಟ್ಟುವುದೆಂದರೆ ಅಪರಿಚಿತರ ಲಕ್ಷಣವೆಂದು ನಂಬಿದ ಮುದುಕಿ. ಪೀಪಾಯಿಗೆ ಮಸಾಲೆ ಅಳೆದು ಕೊಟ್ಟವಳೂ ಅವಳೇ.

"ಮೇರಿಬೆತ್ ತಲೆಗೆ ಬಿಯರ್ ಹಾಕ್ಕೋತಾಳಂತೆ, ಲಾನಿ ಹೇಳ್ದ. ನನ್ನ ಕೂದ್ಲಿಗೂ ಒಂದಿಷ್ಟು..." ಎನ್ನುತ್ತ ಬಂದವಳು ಪಾತ್ರೆಯನ್ನೂ ಕುರ್ಚಿಯ ಕಾಲನ್ನೂ ಕಂಡು ನಿಂತಳು. "ಇದೇನೋ ಡೆಲ್?"

"ಕಷಾಯ ಅಜ್ಜಿ. ಕೆಮ್ಮು." ಡೆಲ್ಬರ್ಟ್ ಕೆಮ್ಮಿ ತೋರಿಸಿದ.

"ಕೆಮ್ಮಿಗೆ ಈರುಳ್ಳಿ ಇಲ್ದೆ ಕಷಾಯವೇನೋ ದಡ್ಡ ಮುಂಡೇದೆ!" ಬೇಡ ಬೇಡವೆನ್ನುವಷ್ಟರಲ್ಲಿ ಅವಳು ಈರುಳ್ಳಿಯೊಂದನ್ನು ಹೆಚ್ಚಿ, ಬಟ್ಟೆಯಲ್ಲಿ ಕಟ್ಟಿ, ಹಿಂಡಿ ರಸವನ್ನು ಪಾತ್ರೆಗೆ ಇಳಿಸಿಯಾಗಿತ್ತು. "ಹೂಂ, ಕುಡಿ. ನಾನು ನೋಡ್ಬೇಕು."

ಡೆಲ್ಬರ್ಟ್ ಒಂದು ಬಟ್ಟಲು ಕುಡಿದ. ಕಣ್ಣಲ್ಲಿ ನೀರು, ಕಿವಿಯಲ್ಲಿ ಶಂಖನಾದ.

"ನೋಡ್ದಾ, ಕೆಮ್ಮು ಹೋಯ್ತು" ಎಂದು ಅಜ್ಜಿ ಹೋದಳು. ಮತ್ತೆ ಅಂಗಡಿಗೆ ಓಡಲು ಹೊತ್ತಿರಲಿಲ್ಲ. ಡೆಲ್ಬರ್ಟ್ ಅದನ್ನೇ ಸೋಸಿ, ಆಲಿಕೆ ಇಟ್ಟು, ದೇವರ ಮೇಲೆ ಭಾರ ಹಾಕಿ ಪೀಪಾಯಿಗೆ ಸುರಿದ.

ಸಂಜೆ ಎಲ್ಲರೂ ಸೇರಿದರು. ರಾಸ್ಕೋ ಬೋ ಟೈ ಕಟ್ಟಿಕೊಂಡು ಬಂದಿದ್ದರು. ಮೇರಿಬೆತ್ ಚಾಕೊಲೇಟ್ ಕೇಕು ಕೊಯ್ದಿಟ್ಟಿದ್ದಳು. ಎತ್ತರದ ಆಳು ಇನೆಜ್, ಸಂಕೋಚವಿಲ್ಲದೆ ಮೇಜಿನ ತುದಿಯಲ್ಲಿ ಕುಳಿತು ಮೂಗು ಸೀಟಿ ಸಿದ್ಧಮಾಡಿಕೊಂಡಳು. ಲಾನಿ ಪೀಪಾಯಿ ತರಲು ಇಳಿದವನು ಅದನ್ನು ಎತ್ತುವಾಗ, "ಅರೆ!" ಎಂದದ್ದು ಮೇಲಿನವರೆಗೆ ಕೇಳಿಸಿತು.

"ಭಾರ ಇದೆಯೇನೋ?" ಎಂದರು ರಾಸ್ಕೋ, ಯಾಕೋ ನಡುಗುವ ದನಿಯಲ್ಲಿ.

"ಇದೆ ಸಾರ್" ಎಂದ ಲಾನಿ, ದೆವ್ವ ಕಂಡವನಂತೆ.

ನಲ್ಲಿ ತಿರುಗಿಸಿದಾಗ ಕಪ್ಪು ಧಾರೆ ಇಳಿಯಿತು. ರಾಸ್ಕೋ, ಲಾನಿ, ಥೆಲ್ಮಜ್ಜಿ ಮೂವರೂ ಬಾಯಿ ತೆರೆದು ನೋಡಿದರು. ಅದು ಭಕ್ತಿಯೆಂದುಕೊಂಡ ಡೆಲ್ಬರ್ಟ್.

ಮೇರಿಬೆತ್ ಒಬ್ಬಳನ್ನು ಬಿಟ್ಟು ಎಲ್ಲರೂ ಗುಟುಕರಿಸಿದರು. ರಾಸ್ಕೋ ನುಂಗಲು ಎರಡು ಸಲ ಪ್ರಯತ್ನಿಸಬೇಕಾಯಿತು. "ಅದ್ಭುತ" ಎಂದರು, ಕರವಸ್ತ್ರದಿಂದ ಕಣ್ಣೊರೆಸಿಕೊಂಡು. "ಇದು... ನಾವು ಬಯಸಿದ್ದೇ ಇದು."

"ಹೂಂ, ಇದೇ" ಎಂದ ಲಾನಿ, ನೆಲ ನೋಡುತ್ತ.

ಥೆಲ್ಮಜ್ಜಿ ಗುಟುಕು ಬಾಯಲ್ಲಿಟ್ಟುಕೊಂಡೇ ಡೆಲ್ಬರ್ಟನನ್ನು ಕೆಕ್ಕರಿಸಿ ನೋಡಿದಳು. ಆದರೆ ಏನೂ ಹೇಳಲಿಲ್ಲ. ಥೆಲ್ಮಜ್ಜಿ ಏನೂ ಹೇಳದಿದ್ದದ್ದು ಆ ಬೀದಿಯ ಚರಿತ್ರೆಯಲ್ಲಿ ಅದೇ ಮೊದಲು.

ಇನೆಜ್ ಮಾತ್ರ ಮತ್ತೊಂದು ಗುಟುಕು ತೆಗೆದುಕೊಂಡಳು. ಬಾಯೊಳಗೆ ಹೊರಳಿಸಿದಳು. ಲೋಟ ಕೆಳಗಿಟ್ಟಳು.

"ಇದರಲ್ಲಿ ಮುಕ್ಕಾಲು ಪಾಲು ನನ್ನ ಸ್ಟೌಟ್. ಈ ವಾರದ್ದು" ಎಂದಳು. "ಉಳಿದಿದ್ದು ಏನೂಂತ ಗೊತ್ತಾಗ್ತಿಲ್ಲ."

"ಉಳಿದಿದ್ದು ನನ್ನ ಈರುಳ್ಳಿ" ಎಂದಳು ಥೆಲ್ಮಜ್ಜಿ.

ಡೆಲ್ಬರ್ಟನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಒದರಿದ: ತನ್ನ ಕಾಲು, ನಲ್ಲಿ, ಜಾಲರಿ, ಬಾಟಲಿ, ಕುರ್ಚಿಯ ಕಾಲು. "ತಪ್ಪು ನಂದು. ನಿಮ್ಮೆಲ್ಲರ ಶ್ರಮಾನ ಮೋರಿಗೆ ಹಾಕ್ದೆ. ನಾನು ಒಂದು ಹನೀನೂ ಕುಡಿದಿಲ್ಲ, ದೇವರಾಣೆ" ಎಂದು ಮೂಗೊರೆಸಿಕೊಂಡ.

ರಾಸ್ಕೋ ಕೆಮ್ಮಿದರು. "ಹೋಗಲಿ ಬಿಡಯ್ಯಾ. ಆದದ್ದಾಯ್ತು."

"ಅಯ್ಯೋ, ಅಳಬೇಡ ಮಗಾ" ಎಂದಳು ಅಜ್ಜಿ, ಕರಗಿ. "ನಿನ್ನ ಕಾಲು ಏನೂ ಮಾಡಿಲ್ಲ. ಗುರುವಾರ ಕೊನೇ ಲೋಟ ಬಗ್ಗಿಸ್ಕೊಂಡಿದ್ದು ನಾನೇ. ಪೀಪಾಯಿ ಓರೆ ಮಾಡಿ. ನನ್ನ ಪಾಪ ಮುಚ್ಚಕ್ಕೆ ಒದ್ದಾಡ್ತಿದಾನೆ ಪಾಪ ಅಂತ ಬಾಯಿ ಮುಚ್ಕೊಂಡಿದ್ದೆ."

"ಥೆಲ್ಮಾ!" ರಾಸ್ಕೋ ಮೇಜು ಗುದ್ದಿದರು. "ಆಣೆ ಮಾಡಿದವರು ನೀವು! ನಾಚಿಕೆ ಆಗಲ್ವ?"

"ನೀವು ಗುದ್ಬೇಡಿ. ಎಲೆ ಉದುರೋ ಕಾಲದಲ್ಲಿ, ಸ್ಟೌಟಿನ ಹೊಗೆ ಘಾಟು ಮೆತ್ತಗಾಗಿದೆ ಅಂತ ಗೇಟ್ ಹತ್ರ ನಂಗೆ ಹೇಳಿದೋರು ಯಾರು? ಅದನ್ನ ಬೀದೀಲಿ ನಿಂತು ಮೂಸಿದ್ರಾ?"

ರಾಸ್ಕೋ ಬೋ ಟೈ ಸಡಿಲಿಸಿದರು. "ಅದು... ತಪಾಸಣೆ. ಅಧ್ಯಕ್ಷನಾಗಿ ನನ್ನ ಕರ್ತವ್ಯ. ವಾರಕ್ಕೆ ಒಂದು ಸಲ."

"ನಾನು ಬರೀ ಬೆಂಕಿ ಅಪಾಯ ಏನಾದ್ರೂ ಇದೆಯಾ ನೋಡಕ್ಕೆ ಹೋಗ್ತಿದ್ದೆ" ಎಂದ ಲಾನಿ, ಯಾರೂ ಕೇಳದೆಯೇ. "ಡ್ಯೂಟಿ ಮುಗಿದ ಮೇಲೆ."

ಡೆಲ್ಬರ್ಟನ ಹಿಂಬದಿಯ ಬಾಗಿಲಿಗೆ ಬೀಗವಿರಲಿಲ್ಲ. ಮೂವರೂ, ಕದಿಯುವುದು ತಾವೊಬ್ಬರೇ ಎಂದುಕೊಂಡು, ನೆಲಮಾಳಿಗೆಗೆ ಬಂದುಹೋಗುತ್ತಿದ್ದರು. ಬರಬರುತ್ತ ನಲ್ಲಿಯ ಧಾರೆ ಸಣ್ಣದಾದಾಗ ಪ್ರತಿಯೊಬ್ಬರೂ ತನ್ನಿಂದಲೇ ಖಾಲಿಯಾಯಿತೆಂದು ಹೆದರಿ, ಯಾರಿಗೂ ಅನುಮಾನ ಬರದಂತೆ ಏನೂ ಅರಿಯದವರ ಹಾಗೆ ನಡೆದುಕೊಂಡು, ಇವತ್ತು ಮುಖ ಹುಳ್ಳಗೆ ಮಾಡಿಕೊಂಡು ಬಂದು ಕುಳಿತಿದ್ದರು.

ಡೆಲ್ಬರ್ಟನ ಬೆನ್ನು ಮೆಲ್ಲಗೆ ನೇರವಾಯಿತು. ಜನ್ಮದಲ್ಲಿ ಮೊದಲ ಸಲ ಒಂದು ಕೋಣೆಯಲ್ಲಿ ತಪ್ಪು ಮಾಡದವನು ತಾನೊಬ್ಬನೇ ಎಂಬ ಸುಖ ಅವನಿಗೆ ಸಿಕ್ಕಿತ್ತು. ಹೆಡ್‌ಮಾಸ್ಟರು ತಲೆ ತಗ್ಗಿಸಿ ಕೂತಿದ್ದರು! ಡೆಲ್ಬರ್ಟ್ ಕೈ ಹಿಂದೆ ಕಟ್ಟಿ, ಥೇಟ್ ಅವರ ಹಾಗೆಯೇ ಅತ್ತಿಂದಿತ್ತ ಎರಡು ಹೆಜ್ಜೆ ಹಾಕಿದ.

"ನನಗೆ ಬೇಜಾರಿಲ್ಲ ಸಾರ್" ಎಂದ, ದೊಡ್ಡ ಮನಸ್ಸಿನಿಂದ. "ಆದ್ರೆ ವಿಶ್ವಾಸ ಅನ್ನೋದೊಂದು ಇರುತ್ತಲ್ಲ..."

ಈ ಮಾತು ಇನ್ನೂ ಬಹಳ ದೂರ ಹೋಗುವುದರಲ್ಲಿತ್ತು. ಆದರೆ ಬಾಯಿಯ ಈರುಳ್ಳಿ ಕಳೆದುಕೊಳ್ಳಲೆಂದು ಇನೆಜ್ ಕೇಕಿನ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದಳು. ಅವಳ ಕಣ್ಣು ಮುಚ್ಚಿಕೊಂಡವು. ಮೂಗು ಅರಳಿತು.

"ಓಕ್" ಎಂದಳು. "ಬರ್ಬನ್. ಚಕ್ಕೆ. ಕೊನೇಲಿ ಹೊಗೆ ಹಿಡಿದ ಮೆಣಸಿನಕಾಯಿ..." ಕಣ್ಣು ತೆರೆದಳು. "ಯಾರ್ರೀ ಹೇಳಿದ್ದು ನಿಮ್ಮ ಸ್ಟೌಟ್ ಮುಗಿದು ಹೋಯ್ತು ಅಂತ? ಇಲ್ಲೇ ಇದೆಯಲ್ಲ!"

ಎಲ್ಲರೂ ಮೇರಿಬೆತ್ ಕಡೆ ತಿರುಗಿದರು. ಅವಳು ಚಾಕು ಒರೆಸುತ್ತಿದ್ದಳು.

"ನನ್ನ ಯಾಕೆ ನೋಡ್ತೀರಿ? ನಾನೊಂದು ಗುಟುಕೂ ಕುಡಿದಿಲ್ಲ. ನಂಗೆ ಬಿಯರ್ ಸೇರಲ್ಲ. ಅಡಿಗೆಗೆ ಹಾಕ್ದೆ, ಅಷ್ಟೆ. ಈ ಕೇಕಿಗೆ ಬುಧವಾರವೇ ಒಂದು ಜಗ್ಗು. ಭಾನುವಾರದ ದನದ ಮಾಂಸದ ಸಾರಿಗೆ ಎರಡು ಜಗ್ಗು. ಡೆಲ್‌ಗೆ ಇಷ್ಟ ಅಂತ."

"ಎಷ್ಟು ಭಾನುವಾರ?" ಎಂದರು ರಾಸ್ಕೋ. ಅವರ ಬೆನ್ನು ನೇರವಾಗತೊಡಗಿತ್ತು.

"ಬೇಸಿಗೆಯಿಂದ. ಇವರು ತಟ್ಟೆ ನೆಕ್ಕಿ, ಪಾತ್ರೆಗೂ ಬ್ರೆಡ್ ತಿಕ್ಕಿ ತಿನ್ನೋರು. ಏನೇ ಇದರ ಗುಟ್ಟು ಅಂತ ಒಂದಿನಾನಾದ್ರೂ ಕೇಳಿದ್ರಾ? ಚೆನ್ನಾಗಿದೆ ಅಂದ್ರು. ನಾನೂ ಹೇಳ್ಲಿಲ್ಲ."

ಲಾನಿ ಬೆರಳು ಮಡಿಚಿ ಲೆಕ್ಕ ಹಾಕಿದ. ಅಜ್ಜಿ ಗಲ್ಲಕ್ಕೆ ಕೈಯಿಟ್ಟಳು. ರಾಸ್ಕೋ ಎದ್ದು ನಿಂತು ಬೋ ಟೈ ಬಿಗಿದುಕೊಂಡರು.

"ಅಂದ್ರೆ ನಾವು ಮೂರೂ ಜನ ಸೇರಿ ಕದ್ದಿದ್ದಕ್ಕಿಂತ ಹೆಚ್ಚು ನೀನೊಬ್ಬನೇ ತಿಂದಿದೀಯ, ಕೋಯ್ಮನ್!"

"ಸಾರ್, ನನಗೆ ಗೊತ್ತೇ ಇರ್ಲಿಲ್ಲ..."

"ಅದೇ ಇನ್ನೂ ದೊಡ್ಡ ತಪ್ಪು! ನಾವಾದ್ರೂ ಒಂದೊಂದು ಗುಟುಕನ್ನೂ ಗೌರವದಿಂದ ಸವಿದ್ವಿ. ನೀನು ಇಂಥ ಸ್ಟೌಟನ್ನ ಸಾರು ಅಂದ್ಕೊಂಡು ಬ್ರೆಡ್ಡಲ್ಲಿ ಒರೆಸಿ ತಿಂದೆ. ಮೇಲೆ ಬೀಗ ಇಲ್ಲದ ಬಾಗಿಲು! ನೀನು ಬೀಗ ಹಾಕಿದ್ರೆ ನಾವು ಕಳ್ಳರಾಗ್ತಿದ್ವೇನಯ್ಯಾ?"

"ನ್ಯಾಯವಾದ ಮಾತು" ಎಂದ ಲಾನಿ.

ತೀರ್ಪು ಅಲ್ಲೇ ಆಯಿತು. ವಸಂತ ಬಂದ ಮೇಲೆ ಡೆಲ್ಬರ್ಟ್ ಒಬ್ಬನೇ ಮತ್ತೆ ಸ್ಟೌಟ್ ಕುದಿಸಬೇಕು, ಒಬ್ಬನೇ ಪೀಪಾಯಿ ತುಂಬಬೇಕು, ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅಧ್ಯಕ್ಷರಿಗೆ ಒಪ್ಪಿಸಬೇಕು. ಅತ್ತ ಇನೆಜ್ ಆಗಲೇ ಕುರ್ಚಿಯನ್ನು ಮೇರಿಬೆತ್ ಪಕ್ಕಕ್ಕೆ ಎಳೆದುಕೊಂಡು, ಶುಕ್ರವಾರ ಶುಕ್ರವಾರ ತನ್ನ ಅಂಗಡಿಗೆ ಈ ಕೇಕು ಮಾಡಿಕೊಡಲಾಗುತ್ತದೆಯೇ ಎಂದು ವಿಚಾರಿಸುತ್ತಿದ್ದಳು. ಬೋರ್ಡಿನ ಮೇಲೆ ಬರುವುದು ಸ್ಪ್ರೂಸ್ ಬೀದಿಯಲ್ಲ, ಮೇರಿಬೆತ್ ಎಂದು ಆಗಲೇ ಗೊತ್ತಾಗಿಹೋಗಿತ್ತು.

ಮಾತಿನ ಮಧ್ಯೆ ತಟ್ಟೆ ಕೈಯಿಂದ ಕೈಗೆ ಸುತ್ತಿತು. ಕೊನೆಗೆ ಒಂದೇ ತುಂಡು ಉಳಿಯಿತು. ಬೆಳಿಗ್ಗೆಯಿಂದ ಈರುಳ್ಳಿ ಕಷಾಯದ ಹೊರತು ಹೊಟ್ಟೆಗೆ ಏನೂ ಬೀಳದ ಡೆಲ್ಬರ್ಟ್, ಯಾರೂ ನೋಡುತ್ತಿಲ್ಲವೆಂದು ಮೆಲ್ಲಗೆ ಕೈ ಚಾಚಿದ.

ಥೆಲ್ಮಜ್ಜಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

"ನಿನ್ನ ಪಾಲು ಮುಗೀತಲ್ಲೋ ಮಗಾ" ಎಂದಳು ಪ್ರೀತಿಯಿಂದ, ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತ. "ನಿಂಗೆ ಬೇಕಾದ್ರೆ ಪೀಪಾಯಿ ತುಂಬ ಕಷಾಯ ಇದೆ."